ಹಗಲು ಸೀಟಿ, ರಾತ್ರಿ ಕಾವ್ಯ

ಕಳೆದ ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಹವ್ಯಾಸಿ ತಂಡದ ನಾಟಕ ಮುಗಿಯಿತು. ಕವಿ ಮುದ್ದಣನ ಬದುಕಿನ ನಾಟಕ, ಅವನ ಹಳಗನ್ನಡದ ಮಾತುಗಳೂ ಅದರಲ್ಲಿವೆ. ಮೇಕಪ್ ಒರೆಸಿ, ಪರದೆ ಮಡಚಿ, ಬಾಡಿಗೆ ಲೈಟುಗಳನ್ನು ಎಣಿಸಿ ಟೆಂಪೋಗೆ ಹಾಕಿ ಮನೆ ಸೇರುವಾಗ ಒಂದು ಗಂಟೆ. ನಾಲ್ಕು ದಿನ ಆಯಿತು, ಇನ್ನೂ ತಲೆಯಿಂದ ಇಳಿದಿಲ್ಲ. ಫೋನ್ ಮಾಡಿದವರು ಚೆನ್ನಾಗಿತ್ತು ಅನ್ನುತ್ತಾರೆ. ಆಮೇಲೆ ಸ್ವಲ್ಪ ತಡೆದು ಕೇಳುತ್ತಾರೆ: "ಮುದ್ದಣನೇ ಯಾಕೆ? ಹಳಗನ್ನಡ ಎಲ್ಲ ಹವ್ಯಾಸಿಗಳಿಗೆ ಯಾಕೆ ಬೇಕಿತ್ತು?"

ಇದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ಬರೆಯುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮುದ್ದಣನೂ ಒಬ್ಬ ಹವ್ಯಾಸಿ. ನನ್ನ ಉತ್ತರ ಇಷ್ಟೇ.

ನಮಗೆ ಶಾಲೆಯಲ್ಲಿ ಮುದ್ದಣ ಅಂದರೆ ಒಂದು ಪಾಠ. ಮುದ್ದಣ ಮನೋರಮೆಯರ ಸಲ್ಲಾಪ, ಅಂದರೆ ಅವನ 'ರಾಮಾಶ್ವಮೇಧ'ದಲ್ಲಿ ಕವಿ ತನ್ನ ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾ ಆಡುವ ಮಾತುಕತೆ. ಅರ್ಥ ಬರೆದುಕೊಂಡು, ಸಂದರ್ಭ ಸಹಿತ ವಿವರಿಸಿ, ಮಾರ್ಕ್ಸ್ ತೆಗೆದುಕೊಂಡು ಮರೆತೆವು. ಅವನು ಯಾವುದೋ ರಾಜನ ಆಸ್ಥಾನದ ಕವಿ ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅವನ ಹೆಸರು ನಂದಳಿಕೆಯ ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ, ಬೆಳ್ಮಣ್ ಹತ್ತಿರದ ನಂದಳಿಕೆಯಲ್ಲಿ. ಸಿರಿಜಾತ್ರೆ ನಡೆಯುವ ಊರು ಅದು. ಅಮ್ಮ ಮುದ್ದಿಗೆ ಕರೆದ ಹೆಸರು ಮುದ್ದಣ. ಬಡತನ, ಓದು ಅರ್ಧಕ್ಕೆ ನಿಂತಿತು. ಮದ್ರಾಸಿಗೆ ಹೋಗಿ ಕಸರತ್ತಿನ ತರಬೇತಿ ಮುಗಿಸಿ ಬಂದ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ, ಹಾಗಾಗಿ ಆ ಪ್ರಯಾಣ ಎಂಥದ್ದು ಅಂತ ನೀವೇ ಊಹಿಸಿಕೊಳ್ಳಿ. ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರ ಕೆಲಸ ಸಿಕ್ಕಿತು. ನಡುವೆ ಸ್ವಲ್ಪ ಕಾಲ ಕುಂದಾಪುರ. ಮತ್ತೆ ಉಡುಪಿ.

ಹಗಲಿಡೀ ಮಕ್ಕಳಿಗೆ ಕೈಕಾಲು ಆಡಿಸುವುದನ್ನು ಹೇಳಿಕೊಡುವ ಕೆಲಸ. ಉಳಿದ ಹೊತ್ತಿನಲ್ಲಿ ಓದು, ಬರಹ. ಎರಡು ಯಕ್ಷಗಾನ ಪ್ರಸಂಗ ಬರೆದ, 'ರತ್ನಾವತಿ ಕಲ್ಯಾಣ' ಮತ್ತು 'ಕುಮಾರ ವಿಜಯ'. ಆಮೇಲೆ 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', ಕೊನೆಗೆ 'ರಾಮಾಶ್ವಮೇಧ'. 1901ರಲ್ಲಿ ಕ್ಷಯದಿಂದ ತೀರಿಕೊಂಡ. ವಯಸ್ಸು 31. ಕ್ಷಯಕ್ಕೆ ಮದ್ದು ಸಿಗಲು ಲೋಕ ಇನ್ನೂ ನಲವತ್ತು ವರ್ಷ ಕಾಯಬೇಕಿತ್ತು.

ಈಗ ನಮ್ಮ ತಂಡವನ್ನು ನೋಡಿ. ನಾನು ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ ಕೂರುತ್ತೇನೆ. ಬೆಳಕು ಮಾಡುವವನು ಮೊಬೈಲ್ ರಿಪೇರಿ ಅಂಗಡಿಯವನು. ಹಾರ್ಮೋನಿಯಂ ನುಡಿಸುವವರು ಎಲೆಕ್ಟ್ರಿಸಿಟಿ ಬಿಲ್ ಕೊಡಲು ಮನೆ ಮನೆ ತಿರುಗುವವರು. ಇಬ್ಬರು ಕಾಲೇಜು ಹುಡುಗರು, ಒಬ್ಬರು ಆಟೋ ಓಡಿಸುವವರು, ಒಬ್ಬಳು ನರ್ಸ್. ರಾತ್ರಿ ಏಳೂವರೆಗೆ ಒಂದು ಹಳೇ ಶಾಲೆಯ ತಗಡಿನ ಮಾಡಿನ ಕೆಳಗೆ ಸೇರುತ್ತೇವೆ. ಹತ್ತಕ್ಕೆ ಚದುರುತ್ತೇವೆ, ಲಾಸ್ಟ್ ಬಸ್ ತಪ್ಪಬಾರದಲ್ವಾ. ಮಾರನೇ ದಿನ ಎಲ್ಲರಿಗೂ ಕೆಲಸ ಇರುತ್ತದೆ. ಒಂದೇ ದಿನದೊಳಗೆ ಎರಡು ಬದುಕು ಬದುಕುವುದು ಹೇಗೆ, ಅದರಲ್ಲಿ ಎಷ್ಟು ಸುಸ್ತಿದೆ, ಎಷ್ಟು ಖುಷಿಯಿದೆ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮುದ್ದಣನ ಬದುಕೂ ಇದೇ. ಅದಕ್ಕೇ ಈ ನಾಟಕ ನಮ್ಮದು ಅನ್ನಿಸಿತು.

ಮುದ್ದಣನ ಪಾತ್ರ ಮಾಡಿದವರು ನಿಜಕ್ಕೂ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ಟ್ರು. ಇದು ಬೇಕೆಂದೇ ಮಾಡಿದ್ದಲ್ಲ. ಮೊದಲು ಆ ಪಾತ್ರಕ್ಕೆ ಇದ್ದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಅವನು ಹೊರಟುಹೋದ. ಮಾಸ್ಟ್ರು ಅಲ್ಲಿವರೆಗೆ ನಮ್ಮಲ್ಲಿ ರಾಕ್ಷಸನ ಪಾತ್ರ, ಸೈನಿಕನ ಪಾತ್ರ ಮಾಡಿದವರು. ಮೈಕಟ್ಟು ಹಾಗಿದೆ. ನಿರ್ದೇಶಕರು ಪುಸ್ತಕ ಕೈಗೆ ಕೊಟ್ಟಾಗ ಎರಡು ಸಾಲು ಓದಿ ವಾಪಸ್ ಕೊಟ್ಟರು. "ಇದು ನನ್ನ ಬಾಯಲ್ಲಿ ತಿರುಗುವುದಿಲ್ಲ ಸರ್, ಬೇರೆ ಯಾರಿಗಾದರೂ ಕೊಡಿ."

ಹತ್ತು ದಿನ ಹಾಗೇ ಹೋಯಿತು. ಓದಿದರೆ ತಡವರಿಸುತ್ತಿದ್ದರು. ಪಾಪ, ಅವರಿಗೇ ಬೇಜಾರು. ಒಂದು ದಿನ ನಾನು ಮನೋರಮೆಯ ಮಾತು ಹೇಳುತ್ತಿದ್ದೆ. ಕಥೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಅನ್ನುವ ಮಾತು ಬರುತ್ತದೆ. ಅಲ್ಲಿ ಆ ಪ್ರಸಿದ್ಧ ಸಾಲು: "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ." ಪದ್ಯ ಬೇಡ, ಗದ್ಯವೇ ಮನಸ್ಸಿಗೆ ಹಿತ ಅಂತ. ಮೂಲೆಯಲ್ಲಿ ಕೂತಿದ್ದ ಮಾಸ್ಟ್ರು ತಟ್ಟನೆ ಎದ್ದರು. "ಅಕ್ಕ, ಇನ್ನೊಮ್ಮೆ ಹೇಳಿ." ಹೇಳಿದೆ. "ಇದು ನಾಲ್ಕು ಎಣಿಕೆ ಅಲ್ವಾ! ಒಂದು, ಎರಡು, ಮೂರು, ನಾಲ್ಕು!" ಅಂತ ಅಲ್ಲೇ ಹೆಜ್ಜೆ ಹಾಕಿ ತೋರಿಸಿದರು. ಪದ್ಯಂ, ಎಡಗಾಲು. ವಧ್ಯಂ, ಬಲಗಾಲು. ಗದ್ಯಂ, ಎಡ. ಹೃದ್ಯಂ, ಬಲ.

ಆ ಮೇಲೆ ಅವರು ಪುಸ್ತಕವನ್ನು ಕೂತು ಓದಲಿಲ್ಲ. ನಡೆಯುತ್ತಾ ಓದಿದರು. ಕೈ ಎತ್ತಿ ಇಳಿಸುತ್ತಾ ಓದಿದರು. ರಾಮಾಶ್ವಮೇಧದ ಶುರುವಿನಲ್ಲಿ ಮಳೆಗಾಲದ ವರ್ಣನೆ ಇದೆಯಲ್ಲ, "ಓವೊ ಕಾಲಪುರುಷಂಗೆ" ಅಂತ ಶುರುವಾಗುವುದು. ಅಲ್ಲಿ ಸಾಲು ಸಾಲಾಗಿ ಮಾತುಗಳು 'ಗಡ' 'ಗಡ' ಅಂತ ಮುಗಿಯುತ್ತವೆ. ಶಾಲೆಯಲ್ಲಿ ಅದು ನಮಗೆ ವ್ಯಾಕರಣದ ಕಾಟ. ಮಾಸ್ಟ್ರ ಬಾಯಲ್ಲಿ, ಅವರ ಕಾಲಲ್ಲಿ, ಅದು ಗುಡುಗು. ಹೊರಗೆ ಆಟಿ ತಿಂಗಳ ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು. ಒಳಗೆ ಇವರು ಗಡ, ಗಡ, ಗಡ ಅಂತ ನೆಲ ಮೆಟ್ಟುತ್ತಿದ್ದರು. ನಮ್ಮ ಯಾರಿಗೂ ಆ ದಿನ ಅರ್ಥ ಕೇಳಬೇಕು ಅನ್ನಿಸಲಿಲ್ಲ.

ನಾನು ಪಂಡಿತೆ ಅಲ್ಲ. ಆದರೆ ಅವತ್ತಿನಿಂದ ನನಗೆ ಬಲವಾಗಿ ಅನ್ನಿಸುತ್ತಿದೆ. ದಿನವಿಡೀ ಮಕ್ಕಳ ಹೆಜ್ಜೆ ಎಣಿಸಿದ ಕಿವಿ, ಬಾಲ್ಯದಿಂದ ಚೆಂಡೆ ಮದ್ದಳೆ ಕೇಳಿದ ಕಿವಿ, ಇವೆರಡೂ ಸೇರಿ ಆ ಗದ್ಯ ಹುಟ್ಟಿದೆ. ಮನೆಯ ಸುತ್ತ ತುಳು, ಕೆಲಸದ ಜಾಗದಲ್ಲಿ ಇಂಗ್ಲಿಷಿನ ಡ್ರಿಲ್ ಕಮಾಂಡು, ರಾತ್ರಿ ಬಯಲಾಟದ ಪದ. ಇಂಥ ಊರಿನಲ್ಲಿ ಕೂತು ಒಬ್ಬ ಯುವಕ ಹಳಗನ್ನಡದಲ್ಲಿ ಇಷ್ಟು ಸಲೀಸಾದ ಮಾತುಕತೆ ಬರೆದ. ಡ್ರಿಲ್ ಮಾಸ್ಟ್ರಾಗಿದ್ದರೂ ಕವಿಯಾದ ಅಂತ ಜನ ಅಚ್ಚರಿಯಿಂದ ಹೇಳುತ್ತಾರೆ. ನಮ್ಮ ಮಾಸ್ಟ್ರನ್ನು ನೋಡಿದ ಮೇಲೆ ನನಗೆ ಆ 'ಆಗಿದ್ದರೂ' ಬೇಡ ಅನ್ನಿಸುತ್ತದೆ.

ಹಳಗನ್ನಡ ಪ್ರೇಕ್ಷಕರಿಗೆ ಅರ್ಥವಾಗುತ್ತದಾ ಅನ್ನುವ ಹೆದರಿಕೆ ನಮಗೂ ಇತ್ತು. ಸರಳ ಕನ್ನಡಕ್ಕೆ ತಿರುಗಿಸಿಬಿಡೋಣ ಅಂತ ಒಂದು ವಾರ ಚರ್ಚೆ ಆಯಿತು. ಬೇಡ ಅಂತ ಹಠ ಹಿಡಿದವಳು ನಾನು. ಮುದ್ದಣನೇ ಈ ಚರ್ಚೆಯನ್ನು ತನ್ನ ಕಾವ್ಯದೊಳಗೆ ಮಾಡಿದ್ದಾನಲ್ಲ! ಅವನು ಸಂಸ್ಕೃತ ತುಂಬಿ ಕಥೆ ಶುರು ಮಾಡಿದಾಗ ಮನೋರಮೆ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಅಂತ ಮುಖಕ್ಕೆ ಹೇಳುತ್ತಾಳೆ. ಈ ಮಾತನ್ನು ಅವನ ಹಳಗನ್ನಡದಲ್ಲೇ ಹೇಳಿದೆ. ಶನಿವಾರ ಹಿಂದಿನ ಸಾಲಿನಲ್ಲಿ ಕೂತಿದ್ದ ಮೀನು ಮಾರುವ ಹೆಂಗಸರು ಗೊಳ್ಳೆಂದು ನಕ್ಕರು. ಗಂಟಲು, ನೀರು, ಕಡುಬು. ಇದಕ್ಕೆ ಟಿಪ್ಪಣಿ ಬೇಕಾ?

ಇನ್ನು ಮನೋರಮೆಯ ವಿಷಯ. ಇದು ನನ್ನ ಪಾತ್ರ, ಹಾಗಾಗಿ ಜಾಸ್ತಿ ಹೇಳಿದರೆ ತಾಳಿಕೊಳ್ಳಿ.

ಮನೋರಮೆ ಕಾವ್ಯದ ಹೆಂಗಸು. ಚುರುಕು, ಹಾಸ್ಯ, ಗಂಡನ ಕಾಲೆಳೆಯುವ ಸ್ವಭಾವ. ಮನೆಯಲ್ಲಿದ್ದ ಹೆಂಡತಿ ಕಮಲಾಬಾಯಿ, ಘಟ್ಟದ ಮೇಲಿನ ಸಾಗರದ ಕಡೆಯ ಹುಡುಗಿ. ಮದುವೆಯಾಗಿ ಹತ್ತು ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು. ನಮ್ಮ ನಿರ್ದೇಶಕರು ಮೊದಲು ಎರಡು ಪಾತ್ರಕ್ಕೆ ಇಬ್ಬರನ್ನು ಹಾಕಿದ್ದರು. ಮನೋರಮೆಗೆ ರೇಷ್ಮೆ ಸೀರೆ, ಮಲ್ಲಿಗೆ. ಕಮಲಾಬಾಯಿಗೆ ಹಳೇ ಸೀರೆ, ಮೂಲೆ. ಅವಳಿಗೆ ಇದ್ದದ್ದು ಆರು ಮಾತು, ಅದರಲ್ಲಿ ನಾಲ್ಕು "ಊಟಕ್ಕೆ ಬನ್ನಿ". ನಾನು ಒಪ್ಪಲಿಲ್ಲ. ಕವಿಯ ಬದುಕಿನ ನಾಟಕ ಅಂದರೆ ಹೆಂಡತಿ ಲೋಟ ಹಿಡಿದು ಬಂದು ಹೋಗುವುದು, ಅವನು ಶೂನ್ಯ ನೋಡುತ್ತಾ ಕೂರುವುದು, ಹಿಂದಿನಿಂದ ಕೊಳಲು. ಇಂಥದ್ದನ್ನು ನಾನು ಎಷ್ಟು ನೋಡಿದ್ದೇನೆ! ಎಲ್ಲ ಕವಿಗಳ ಹೆಂಡಂದಿರೂ ಒಂದೇ ಥರ ಲೋಟ ಹಿಡಿಯುತ್ತಾರೆ.

ಕೊನೆಗೆ ಎರಡೂ ಪಾತ್ರ ನಾನೇ ಮಾಡಿದೆ. ಒಂದೇ ಸೀರೆ. ಅವನು ಶಾಲೆಯಿಂದ ಬರುತ್ತಾನೆ, ಕಾಲಲ್ಲಿ ಮೈದಾನದ ಧೂಳು. ನಾನು ಚೆಂಬಿನಲ್ಲಿ ನೀರು ಕೊಡುತ್ತೇನೆ. ಬೆಳಕು ಬದಲಾಗುತ್ತದೆ. ಮತ್ತೆ ಅದೇ ಬಾಗಿಲಿನಿಂದ, ಅದೇ ನಡಿಗೆಯಲ್ಲಿ ಅವನು ಬರುತ್ತಾನೆ. ಆದರೆ ಈ ಸಲ ಅರಮನೆಯಿಂದ, ಏಕೆಂದರೆ ಕಾವ್ಯದೊಳಗಿನ ಮುದ್ದಣ ಬರುವುದು ಅರಮನೆಯಿಂದ. ನಾನು ಅದೇ ಚೆಂಬು ಕೊಡುತ್ತೇನೆ. ಒಂದು ಮಾತೂ ಇಲ್ಲ. ಶಾಲೆಯ ಮೈದಾನದಿಂದ ಬಂದ ಮನುಷ್ಯ ರಾತ್ರಿ ಕೂತು ತನ್ನನ್ನು ಅರಮನೆಯಿಂದ ಮನೆಗೆ ಬರುವವನಾಗಿ ಬರೆದುಕೊಂಡ. ಈ ದೃಶ್ಯದ ತಾಲೀಮು ಮೊದಲ ಸಲ ಸರಿಯಾಗಿ ಬಂದ ದಿನ ಮಾಸ್ಟ್ರು ಚೆಂಬು ಹಿಡಿದುಕೊಂಡೇ ನಿಂತುಬಿಟ್ಟರು. ಆ ರಾತ್ರಿ ಮುಂದೆ ತಾಲೀಮು ಮಾಡಲಿಲ್ಲ.

ಕೆಮ್ಮಿನ ಬಗ್ಗೆ ಒಂದು ಜಗಳ ಆಯಿತು. ಮೊದಲ ಪ್ರತಿಯಲ್ಲಿ ಕ್ಷಯ ಅಂದರೆ ಏಳು ಕಡೆ ಕೆಮ್ಮು, ಒಂದು ಕರ್ಚೀಫು, ಅದರ ಮೇಲೆ ಕೆಂಪು ಬಣ್ಣ. ಪ್ರೇಕ್ಷಕರು ಅಳುತ್ತಾರೆ ನಿಜ. ಆದರೆ ಆ ಅಳು ಕರ್ಚೀಫಿಗೆ ಬಂದದ್ದು, ಮುದ್ದಣನಿಗಲ್ಲ. ನಮ್ಮ ತಂಡದ ನರ್ಸ್ ಹುಡುಗಿಯೇ ಹೇಳಿದಳು, "ಕ್ಷಯದವರು ಮೊದಲು ಸೋಲುವುದು ಮೈಯಲ್ಲಿ ಅಕ್ಕ. ತೋಳು ಎತ್ತುವುದಕ್ಕೂ ಆಗದ ಹಾಗೆ ಸುಸ್ತು." ಆ ಒಂದು ಮಾತಿನಿಂದ ಕೊನೆಯ ದೃಶ್ಯ ಸಿಕ್ಕಿತು. ನಾಟಕದ ಶುರುವಿನಲ್ಲಿ ಮುದ್ದಣ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಾನೆ, ಎರಡೂ ಕೈ ಆಕಾಶಕ್ಕೆ. ಕೊನೆಯಲ್ಲಿ ಅದೇ ಮಕ್ಕಳು, ಅದೇ ಎಣಿಕೆ. ಮಕ್ಕಳ ಕೈ ಮೇಲೆ ಹೋಗುತ್ತದೆ. ಅವನದು ಭುಜದವರೆಗೆ ಬಂದು ನಿಲ್ಲುತ್ತದೆ. ಎಣಿಕೆ ಮಾತ್ರ ನಿಲ್ಲಿಸುವುದಿಲ್ಲ. ಇಷ್ಟೇ. ಸಾವು ತೋರಿಸಲಿಲ್ಲ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ನೋವಾಗುವ ಜಾಗ ಇದು.

ಮುದ್ದಣ ರಾಮಾಶ್ವಮೇಧವನ್ನು ಮೈಸೂರಿನ ಕಡೆಗೆ, ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುತ್ತಿದ್ದ ಮಾಸಿಕದವರಿಗೆ ಕಳಿಸಿದ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಇದು ನಾನು ಬರೆದದ್ದು ಅಂತ ಹೇಳಲಿಲ್ಲ. ಹಳೆಯ ಕವಿಯೊಬ್ಬನ ಕೃತಿ ಸಿಕ್ಕಿದೆ ಅನ್ನುವ ಹಾಗೆ ಕಳಿಸಿದ. ಅಚ್ಚಾಯಿತು. ಜನ ಓದಿದರು, ಮೆಚ್ಚಿದರು. ಮುದ್ದಣ ಎಂಬ ಹಳೆಯ ಕವಿ ಯಾರಿರಬಹುದು ಅಂತ ಯೋಚಿಸಿದರು. ಉಡುಪಿಯ ಡ್ರಿಲ್ ಮಾಸ್ಟ್ರೇ ಮುದ್ದಣ ಅಂತ ನಾಡಿಗೆಲ್ಲ ಗೊತ್ತಾಗುವಾಗ ಅವನು ಬದುಕಿರಲಿಲ್ಲ. ಆಮೇಲೆ ಅವನನ್ನು ಹೊಸಗನ್ನಡದ ಮುಂಗೋಳಿ ಅಂತ ಕರೆದರು. ಎಷ್ಟು ಚಂದದ ಹೆಸರು. ಆ ಕೋಳಿಗೆ ಮಾತ್ರ ತನ್ನ ಹೆಸರು ಕೇಳಿಸಲಿಲ್ಲ.

ಇದನ್ನು ವಿನಯ ಅಂತ ಹೊಗಳುವವರಿದ್ದಾರೆ. ಹೆಸರಿಗೆ ಆಸೆಪಡದ ಮಹಾನುಭಾವ ಅಂತ. ನಾನು ಹಾಗೆ ನೋಡುವುದಿಲ್ಲ. ಮೂವತ್ತು ವರ್ಷದ ಒಬ್ಬ ಬರಹಗಾರ ತನ್ನ ಅತ್ಯುತ್ತಮ ಕೃತಿಯನ್ನು ಸತ್ತವನೊಬ್ಬನ ಲೆಕ್ಕಕ್ಕೆ ಬರೆದು ಕಳಿಸುತ್ತಾನೆ ಅಂದರೆ ಅವನಿಗೆ ಏನೋ ಹೆದರಿಕೆ ಇತ್ತು. ಡಿಗ್ರಿ ಇಲ್ಲ, ಹುದ್ದೆ ಇಲ್ಲ, ಊರು ಮೂಲೆಯಲ್ಲಿ. ಕಸರತ್ತು ಮಾಡಿಸುವವನ ಕಾವ್ಯವನ್ನು ಯಾರು ಬಿಡಿಸಿ ಓದುತ್ತಾರೆ ಅನ್ನುವ ಹೆದರಿಕೆ. ಇದು ನನ್ನ ಓದು. ಬೇರೆಯವರು ಬೇರೆ ಹೇಳಬಹುದು. ಆದರೆ ನಮ್ಮ ನಾಟಕ ನಿಂತಿರುವುದು ಈ ಓದಿನ ಮೇಲೆ. ಕಟ್ಟು ಕಟ್ಟಿ ಅಂಚೆಗೆ ಹಾಕುವ ದೃಶ್ಯದಲ್ಲಿ ಮಾಸ್ಟ್ರು ಕಳಿಸುವವರ ಹೆಸರು ಬರೆಯುವ ಜಾಗದಲ್ಲಿ ಒಂದು ನಿಮಿಷ ಪೆನ್ನು ಹಿಡಿದು ಕೂರುತ್ತಾರೆ. ಪೂರ್ತಿ ಒಂದು ನಿಮಿಷ. ಸಭೆಯಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ.

ಇದೇ ಕಾರಣಕ್ಕೆ ನಮ್ಮ ಕರಪತ್ರದಲ್ಲಿ ಎಲ್ಲರ ಹೆಸರೂ ಇತ್ತು. ಪರದೆ ಎಳೆದವರು, ಚಹಾ ಮಾಡಿದವರು, ಶಾಲೆಯ ಬಾಗಿಲು ತೆಗೆದು ಕೊಟ್ಟ ಹಿರಿಯರು, ಕಮಲಾಬಾಯಿಯ ಸೀರೆಗೆ ಅಂಚು ಹೊಲಿದವರು. ಎರಡು ಪುಟ ಜಾಸ್ತಿ ಆಯಿತು, ಪ್ರಿಂಟಿಂಗ್ ಖರ್ಚೂ ಜಾಸ್ತಿ ಆಯಿತು. ಆಗಲಿ.

ಖರ್ಚಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಟ್ಟು 62 ಸಾವಿರ ಆಯಿತು. ಹಾಲ್ ಬಾಡಿಗೆ, ಲೈಟು, ಸೌಂಡು, ಟೆಂಪೋ. ಟಿಕೆಟ್ 100 ರೂಪಾಯಿ, 280 ಜನ ಕೊಂಡರು. ಉಳಿದದ್ದನ್ನು ನಾವು ಹದಿನಾಲ್ಕು ಜನ ಹಂಚಿಕೊಂಡೆವು. ಸಹಾಯ ಕೇಳಲು ಹೋದ ಒಂದು ಕಡೆ, ಹೆಸರಿರುವ ನಟರು ಇದ್ದರೆ ನೋಡೋಣ ಅಂದರು. ಇನ್ನೊಂದು ಕಡೆ ರಂಗದ ಮೇಲೇ ತಮ್ಮ ಫೋಟೋ ಇರುವ ಬ್ಯಾನರ್ ಕಟ್ಟಬೇಕು ಅಂದರು. ಮುದ್ದಣನ ಮನೆಯ ಗೋಡೆಯ ಮೇಲೆ ಯಾರ ಫೋಟೋ ಹಾಕುವುದು? ಬೇಡ ಅಂತ ಕೈ ಮುಗಿದು ಬಂದೆವು. ಒಂದು ವಿಷಯ ಮಾತ್ರ ಬೇಡಿಕೊಳ್ಳುತ್ತೇನೆ. ನಮ್ಮ ಊರಿನ ಹವ್ಯಾಸಿ ತಂಡಗಳ ನಾಟಕಕ್ಕೆ ಪಾಸ್ ಕೇಳಬೇಡಿ. ಟಿಕೆಟ್ ಕೊಂಡು ಬನ್ನಿ. ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೇಳಿ. ಅದಕ್ಕೂ ನಿಮಗೆ ಹಕ್ಕು ಬರುತ್ತದೆ.

ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಮುದ್ದಣ ಮಂಟಪ ಅಂತ ಬಯಲು ರಂಗಮಂದಿರ ಇದೆ. ಅಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ಎಷ್ಟೋ ನಾಟಕ ನೋಡಿದ್ದೇನೆ. ಮಂಟಪದ ಹೆಸರು ಯಾರದ್ದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ಆ ದಾರಿಯಲ್ಲಿ ಬಸ್ಸು ಹೋಗುವಾಗ ಮೈದಾನದಲ್ಲಿ ಸೀಟಿ ಕೇಳಿಸುತ್ತದಾ ಅಂತ ಕಿಟಕಿಯಿಂದ ತಲೆ ಹೊರಗೆ ಹಾಕುತ್ತೇನೆ.

ನಮ್ಮಲ್ಲಿ ಹವ್ಯಾಸಿ ಅನ್ನುವ ಮಾತನ್ನು ಸ್ವಲ್ಪ ಕಡಿಮೆ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. "ಹವ್ಯಾಸಿಗಳಾದರೂ ಚೆನ್ನಾಗಿ ಮಾಡಿದ್ದಾರೆ" ಅಂತ ಶನಿವಾರವೂ ಒಬ್ಬರು ಬೆನ್ನು ತಟ್ಟಿದರು. ಅವರ ಮನಸ್ಸು ಒಳ್ಳೆಯದು. ಆದರೆ ನನಗೆ ಅವರ ಕೈ ಹಿಡಿದು ಹೇಳಬೇಕು ಅನ್ನಿಸಿತು. ರಾಮಾಶ್ವಮೇಧ ಬರೆದವನಿಗೂ ಬರವಣಿಗೆ ಸಂಬಳದ ಕೆಲಸ ಆಗಿರಲಿಲ್ಲ. ಅವನೂ ಮಾರನೇ ಬೆಳಿಗ್ಗೆ ಎದ್ದು ಶಾಲೆಗೆ ಹೋಗಬೇಕಿತ್ತು. ವೃತ್ತಿ ನಟರು ಮುದ್ದಣನನ್ನು ನಮಗಿಂತ ಚೆನ್ನಾಗಿ ಆಡಿ ತೋರಿಸಬಹುದು, ಖಂಡಿತ. ಆದರೆ ದಿನದ ಕೆಲಸ ಮುಗಿಸಿ, ಕಣ್ಣು ಎಳೆಯುತ್ತಿರುವಾಗ, ಯಾರೂ ಕೇಳದಿದ್ದರೂ ಒಂದು ಸಾಲನ್ನು ಸರಿ ಮಾಡಲು ಕೂರುವುದು ಹೇಗಿರುತ್ತದೆ ಅಂತ ನಮ್ಮ ಮಾಸ್ಟ್ರು ಅಭಿನಯಿಸಬೇಕಾಗಿರಲಿಲ್ಲ. ಅವರು ಅವತ್ತು ಬೆಳಿಗ್ಗೆ ತಾಲ್ಲೂಕು ಮಟ್ಟದ ಖೋ ಖೋ ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸಂಜೆ ಐದಕ್ಕೆ ನೇರ ಮೇಕಪ್‌ಗೆ ಬಂದಿದ್ದರು. ಕಾಲಲ್ಲಿದ್ದ ಧೂಳು ನಿಜವಾದ ಧೂಳು.

ಮುಂದಿನ ಪ್ರದರ್ಶನ ಅವರದೇ ಶಾಲೆಯಲ್ಲಿ. ಲೈಟು ಇಲ್ಲ, ಪರದೆ ಇಲ್ಲ, ಸಿಮೆಂಟಿನ ಜಗಲಿಯೇ ರಂಗ. ಡ್ರಿಲ್ ದೃಶ್ಯಕ್ಕೆ ಈ ಸಲ ನಮ್ಮ ಕಾಲೇಜು ಹುಡುಗರು ಬೇಡ, ಒಂಬತ್ತನೇ ಕ್ಲಾಸಿನ ಮಕ್ಕಳೇ ಮಾಡುತ್ತಾರಂತೆ. ಮೈದಾನದಲ್ಲಿ ಈಗಾಗಲೇ ಶುರುವಾಗಿದೆ. ಹನ್ನೆರಡು ಮಕ್ಕಳು ಸಾಲಾಗಿ ನಿಂತು ಗಡ, ಗಡ, ಗಡ ಅಂತ ಹೆಜ್ಜೆ ಹಾಕುವ ವೀಡಿಯೋ ಮಾಸ್ಟ್ರು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದಾರೆ. ಸಂಜೆ ಆರೂವರೆಗೆ ಆಟ ಶುರು. ದಿನ ಗೊತ್ತಾದ ಕೂಡಲೇ ಇಲ್ಲೇ ತಿಳಿಸುತ್ತೇನೆ. ಮಳೆ ಬಂದರೆ ಒಳಗೆ ತರಗತಿಯಲ್ಲಿ ಆಡುತ್ತೇವೆ, ಚಾಪೆ ನಾವೇ ಹಾಸಿರುತ್ತೇವೆ.